ಒಂದು ಮಾತ್ರೆಯ ಸುತ್ತ ನೂರು ವರ್ಷದ ವಾದ: ಹಳ್ಳಿಶಾಲೆಯ ಮಕ್ಕಳು ಮತ್ತು ಹೊಟ್ಟೆಹುಳು

ವರ್ಷಕ್ಕೆರಡು ಬಾರಿ, ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ, ದೇಶದ ಸರ್ಕಾರಿ ಶಾಲೆಗಳಲ್ಲೂ ಅಂಗನವಾಡಿಗಳಲ್ಲೂ ಮಕ್ಕಳಿಗೆ ಒಂದೊಂದು ಮಾತ್ರೆ ಕೊಡುತ್ತಾರೆ. ಅದು 400 ಮಿಲಿಗ್ರಾಂನ ಆಲ್ಬೆಂಡಜೋಲ್. ಶಿಕ್ಷಕರ ಎದುರಿಗೇ ಅದನ್ನು ಅಗಿದು ನುಂಗಬೇಕು. ಎರಡು ವರ್ಷದೊಳಗಿನ ಕೂಸಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಆ ದಿನ ಬಾರದ ಮಕ್ಕಳಿಗೆ ಕೆಲವೇ ದಿನಗಳಲ್ಲಿ ಇನ್ನೊಂದು ಸರದಿ ಇರುತ್ತದೆ. 2015ರಲ್ಲಿ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಮರುವರ್ಷವೇ ದೇಶಕ್ಕೆಲ್ಲ ಹಬ್ಬಿತು. 1ರಿಂದ 19 ವರ್ಷದವರೆಲ್ಲ ಇದರ ವ್ಯಾಪ್ತಿಗೆ ಬರುತ್ತಾರೆ. ಜಗತ್ತಿನ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳಲ್ಲಿ ಇದೂ ಒಂದು.

ಇಷ್ಟು ಸರಳವಾದ ಕೆಲಸದ ಹಿಂದೆ ಬಗೆಹರಿಯದ ವಾದವೊಂದಿದೆ. ಹುಳು ಇರುವ ಮಗುವಿಗೆ ಔಷಧ ಕೊಡಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪರೀಕ್ಷೆಯನ್ನೇ ಮಾಡದೆ ಇಡೀ ಶಾಲೆಗೆ ಮಾತ್ರೆ ಹಂಚಿದರೆ ಮಕ್ಕಳ ತೂಕ, ರಕ್ತ, ಹಾಜರಾತಿ, ಕಲಿಕೆ ಇವುಗಳಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಆಗುತ್ತದೆಯೆ ಎಂಬಲ್ಲಿ ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಒಂದೊಂದು ದಿಕ್ಕಿಗೆ ಎಳೆಯುತ್ತಾರೆ. ಮಾತ್ರೆ ನುಂಗುವ ಮಕ್ಕಳ ತಂದೆತಾಯಿಗೂ ಅದನ್ನು ಕೊಡುವ ಶಿಕ್ಷಕರಿಗೂ ಈ ವಾದದ ಪೂರ್ತಿ ಚಿತ್ರ ತಿಳಿದಿರಬೇಕು.

ಹುಳುಗಳ ಬಾಳು

ಹೊಟ್ಟೆಹುಳು ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮಣ್ಣಿನ ಮೂಲಕ ಹರಡುವ ಮೂರು ಬಗೆ ಮುಖ್ಯ: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಲ್ಲಿ ಇವುಗಳಲ್ಲಿ ಒಂದಾದರೂ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಾಂಸದ ಮೂಲಕ ಬರುವ ಲಾಡಿಹುಳುವಿನ ಕತೆ ಬೇರೆ. ರಾತ್ರಿ ಗುದದ್ವಾರದಲ್ಲಿ ತುರಿಕೆ ತರುವ ಸಣ್ಣ ದಾರಹುಳುವಿನದೂ ಬೇರೆ.

ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಮಲದೊಂದಿಗೆ ಹೊರಬಿದ್ದ ಮೊಟ್ಟೆ ತಕ್ಷಣ ಯಾರಿಗೂ ಅಂಟುವುದಿಲ್ಲ. ತೇವದ ಮಣ್ಣಿನಲ್ಲಿ ಎರಡು ಮೂರು ವಾರ ಮಾಗಬೇಕು. ಆಮೇಲೆ ಮಣ್ಣಾದ ಕೈಯಿಂದಲೋ ತೊಳೆಯದ ಸೊಪ್ಪು ತರಕಾರಿಯಿಂದಲೋ ಬಾಯಿಗೆ ಸೇರುತ್ತದೆ. ಕರುಳಿನಲ್ಲಿ ಒಡೆದು ಬಂದ ಮರಿ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ಮತ್ತೆ ನುಂಗಲ್ಪಟ್ಟು ಕರುಳಿನಲ್ಲಿ ನೆಲೆಯೂರುತ್ತದೆ. ಅಲ್ಲಿ ಒಂದೆರಡು ವರ್ಷ ಬದುಕುತ್ತದೆ. ಚಾಟಿಹುಳುವೂ ಬಾಯಿಯ ದಾರಿಯಲ್ಲೇ ಬಂದು ದೊಡ್ಡ ಕರುಳಿನ ಗೋಡೆಗೆ ತಲೆ ಹೂತು ಕೂರುತ್ತದೆ.

ಕೊಕ್ಕೆಹುಳುವಿನ ದಾರಿ ಇನ್ನೊಂದು. ಅದರ ಮೊಟ್ಟೆ ನೆರಳಿನ ತೇವದ ನೆಲದಲ್ಲಿ ಒಂದೆರಡು ದಿನಕ್ಕೇ ಒಡೆಯುತ್ತದೆ. ಸುಮಾರು ವಾರ ಕಳೆದ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗಬಲ್ಲದು. ಕರುಳಿಗೆ ಸೇರಿದ ಮೇಲೆ ಅದು ರಕ್ತ ಹೀರುತ್ತದೆ. ಒಂದೊಂದು ಹುಳು ಹೀರುವುದು ಅತ್ಯಲ್ಪವೇ. ಆದರೆ ನೂರಾರು ಹುಳು ತಿಂಗಳುಗಟ್ಟಲೆ ಹೀರಿದರೆ, ಅನ್ನದಲ್ಲಿ ಮೊದಲೇ ಕಬ್ಬಿಣಾಂಶ ಕಡಿಮೆ ಇರುವ ಮಗು ಬಿಳಿಚಿಕೊಂಡು ಸುಸ್ತಾಗುತ್ತದೆ.

ಮುಂದೆ ಬರುವ ವಾದಗಳನ್ನೆಲ್ಲ ಅರ್ಥ ಮಾಡಿಕೊಳ್ಳಲು ಇಲ್ಲಿ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕು. ಒಂದು, ಈ ಹುಳುಗಳು ದೇಹದೊಳಗೇ ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿರುವ ಒಂದೊಂದು ಹುಳುವೂ ಹೊರಗಿನಿಂದ ಬಂದದ್ದು. ಎರಡು, ಹುಳುಗಳು ಊರಿನಲ್ಲಿ ಸಮವಾಗಿ ಹಂಚಿಹೋಗಿರುವುದಿಲ್ಲ. ಬಹುಪಾಲು ಹುಳುಗಳು ಕೆಲವೇ ಜನರ ಹೊಟ್ಟೆಯಲ್ಲಿರುತ್ತವೆ, ಉಳಿದವರಲ್ಲಿ ನಾಲ್ಕಾರು ಇರುತ್ತವೆ ಅಥವಾ ಒಂದೂ ಇರುವುದಿಲ್ಲ.

ಚರಕನಿಂದ ರಾಕ್‌ಫೆಲರ್‌ವರೆಗೆ

ಈ ಪೀಡೆಯ ಅರಿವು ನಮ್ಮಲ್ಲಿ ಹಳೆಯದು. ಚರಕಸಂಹಿತೆಯ ವಿಮಾನಸ್ಥಾನ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಹೆಸರಿಸಿ ಚಿಕಿತ್ಸೆಗೆ ಮೂರು ಹೆಜ್ಜೆ ಹೇಳುತ್ತದೆ: ಹುಳುವನ್ನು ಹೊರಗೆ ತೆಗೆಯುವ ಅಪಕರ್ಷಣ, ಅದು ಬೆಳೆಯುವ ಆಸರೆಯನ್ನೇ ಕೆಡಿಸುವ ಪ್ರಕೃತಿವಿಘಾತ, ಅದು ಬರಲು ಕಾರಣವಾದುದನ್ನು ಬಿಡುವ ನಿದಾನಪರಿವರ್ಜನ. ಹಳ್ಳಿಮನೆಗಳ ವಾಯುವಿಡಂಗ, ಬೇವು, ಹರಳೆಣ್ಣೆಯ ಉಪಚಾರ ಮೊದಲ ಹೆಜ್ಜೆಗೆ ಸೇರಿದ್ದು. ಮುಂದೆ ನೋಡಲಿರುವ ಇಂದಿನ ಪಂಥಗಳಲ್ಲಿ ಕೆಲವು ಮೊದಲ ಹೆಜ್ಜೆಯ ಮೇಲೆ, ಕೆಲವು ಕೊನೆಯ ಹೆಜ್ಜೆಯ ಮೇಲೆ ಒತ್ತು ಹಾಕುತ್ತವೆ.

ಆಧುನಿಕ ಕಾಲದಲ್ಲಿ ಇಟಲಿಯ ಆಂಜೆಲೊ ದುಬೀನಿ 1838ರಲ್ಲಿ ಮಿಲಾನಿನಲ್ಲಿ ಶವಪರೀಕ್ಷೆ ಮಾಡುವಾಗ ಕೊಕ್ಕೆಹುಳುವನ್ನು ಕಂಡ. 1880ರ ಸುಮಾರಿಗೆ ಆಲ್ಪ್ಸ್‌ನ ಸೇಂಟ್ ಗಾಥರ್ಡ್ ಸುರಂಗ ಕೊರೆಯುತ್ತಿದ್ದ ಕೂಲಿಗಳು ರಕ್ತಹೀನತೆಯಿಂದ ಕುಸಿದಾಗ ಈ ಹುಳುವೇ ಕಾರಣ ಎಂದು ಗೊತ್ತಾಯಿತು. ಕೈರೋದಲ್ಲಿದ್ದ ಆರ್ಥರ್ ಲೂಸ್, ಮರಿಗಳಿದ್ದ ದ್ರವ ತನ್ನ ಕೈಮೇಲೆ ಚೆಲ್ಲಿದ ನಂತರ ತಾನೇ ಸೋಂಕಿತನಾಗಿ, ಚರ್ಮದ ದಾರಿಯನ್ನು ಪತ್ತೆ ಹಚ್ಚಿದ.

ಶಾಲಾಮಕ್ಕಳನ್ನು ಈ ಪ್ರಶ್ನೆಯ ನಡುವಿಗೆ ತಂದದ್ದು ಅಮೆರಿಕದ ದಕ್ಷಿಣ ರಾಜ್ಯಗಳು. 1909ರಲ್ಲಿ ಹತ್ತು ಲಕ್ಷ ಡಾಲರ್ ದೇಣಿಗೆಯಿಂದ ಶುರುವಾದ ರಾಕ್‌ಫೆಲರ್ ನೈರ್ಮಲ್ಯ ಆಯೋಗ ಹನ್ನೊಂದು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಯಲ್ಲಿ ಕೊಕ್ಕೆಹುಳು ಕಂಡಿತು. ಊರೂರಿಗೆ ಸಂಚಾರಿ ಚಿಕಿತ್ಸಾಲಯ ಕಳಿಸಿ ಥೈಮಾಲ್ ಕುಡಿಸಿದರು, ಶೌಚಗುಂಡಿ ಕಟ್ಟುವುದನ್ನು ಕಲಿಸಿದರು. ಸುಮಾರು ಒಂದು ಶತಮಾನದ ನಂತರ, 2007ರಲ್ಲಿ, ಅರ್ಥಶಾಸ್ತ್ರಜ್ಞ ಹಾಯ್ಟ್ ಬ್ಲೇಕ್ಲಿ ಹಳೆಯ ಜನಗಣತಿಯನ್ನು ಕೆದಕಿ, ಆಯೋಗದ ಕೆಲಸದ ನಂತರ ಹುಳು ಹೆಚ್ಚಿದ್ದ ಜಿಲ್ಲೆಗಳಲ್ಲಿ ಶಾಲಾ ದಾಖಲಾತಿಯೂ ಸಾಕ್ಷರತೆಯೂ ಹೆಚ್ಚು ಏರಿದವು ಎಂದು ತೋರಿಸಿದರು. ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿದವರು ಆ ಮಕ್ಕಳು ದೊಡ್ಡವರಾದ ಮೇಲೆ ಅವರ ಗಳಿಕೆಯೂ ಏರಿತು ಎಂಬ ಭಾಗವನ್ನು ಪ್ರಶ್ನಿಸಿದ್ದೂ ಉಂಟು.

ರಾಕ್‌ಫೆಲರ್ ಪ್ರತಿಷ್ಠಾನ 1920ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳು ಅಭಿಯಾನ ನಡೆಸಿತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯೂ ಅದರ ನೆರವು ಪಡೆಯಿತು. 1930ರ ಆಸುಪಾಸಿನಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ನೆಲೆಗೊಂಡದ್ದರ ಹಿಂದೆ ಈ ನಂಟಿದೆ. ಇದೇ ಕಾಲದಲ್ಲಿ ಅಮೆರಿಕದ ನಾರ್ಮನ್ ಸ್ಟೋಲ್ ಮಲದಲ್ಲಿನ ಮೊಟ್ಟೆ ಎಣಿಸುವ ವಿಧಾನವನ್ನು ರೂಪಿಸಿದ. ಅದರಿಂದ ಹುಳು ಇರುವುದು ಬೇರೆ, ಹುಳುವಿನಿಂದ ಕಾಯಿಲೆ ಬೀಳುವುದು ಬೇರೆ ಎಂಬ ತಿಳಿವಳಿಕೆ ಮೂಡಿತು. ಕಾಯಿಲೆ ತರುವುದು ಹುಳುಗಳ ಹೊರೆ, ಅಂದರೆ ಒಬ್ಬರ ಹೊಟ್ಟೆಯಲ್ಲಿ ಎಷ್ಟು ಹುಳುಗಳಿವೆ ಎಂಬುದು. ಇಂದಿನ ವಾದಗಳಲ್ಲಿ ಮತ್ತೆ ಮತ್ತೆ ಮರೆತುಹೋಗುವ ಸತ್ಯ ಇದೇ.

ಗೆದ್ದವರ ದಾರಿ

ಹುಳುವನ್ನು ನಾಡಿನಿಂದಲೇ ಓಡಿಸಿದ ದೇಶಗಳಿವೆ. ಎರಡನೇ ಮಹಾಯುದ್ಧ ಮುಗಿದ ಹೊತ್ತಿನ ಜಪಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ದುಂಡುಹುಳು ಇತ್ತು. ಮಲ ಪರೀಕ್ಷೆಯನ್ನು ಶಾಲಾ ಆರೋಗ್ಯದ ಭಾಗವಾಗಿಸಿದ ಆ ದೇಶದಲ್ಲಿ 1970ರ ದಶಕದ ಹೊತ್ತಿಗೆ ಅದು ಅಪರೂಪವಾಯಿತು.

ದಕ್ಷಿಣ ಕೊರಿಯಾದಲ್ಲಿ 1963ರಲ್ಲಿ ಜೊಂಜು ನಗರದ ಆಸ್ಪತ್ರೆಗೆ ಬಂದ ಒಂಬತ್ತು ವರ್ಷದ ಹುಡುಗಿಯ ಕರುಳಿನಿಂದ 1,063 ದುಂಡುಹುಳುಗಳನ್ನು ತೆಗೆದರು. ಮಗು ಉಳಿಯಲಿಲ್ಲ. ಆ ಸುದ್ದಿ ದೇಶವನ್ನೇ ಅಲ್ಲಾಡಿಸಿತು. 1966ರಲ್ಲಿ ಪರಾವಲಂಬಿ ರೋಗ ತಡೆಗೆ ಕಾನೂನು ಬಂತು. ಶಾಲಾಮಕ್ಕಳೆಲ್ಲ ವರ್ಷಕ್ಕೆರಡು ಬಾರಿ ಮಲದ ಮಾದರಿ ತಂದುಕೊಟ್ಟರು. ಮೊಟ್ಟೆ ಕಂಡವರಿಗೆ ಔಷಧ ಸಿಕ್ಕಿತು. 1971ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 84ರಷ್ಟು ಜನರಲ್ಲಿ ಯಾವುದಾದರೊಂದು ಪರಾವಲಂಬಿಯ ಮೊಟ್ಟೆ ಇತ್ತು, 1997ರಲ್ಲಿ ಅದು ಶೇ 2.4ಕ್ಕೆ ಇಳಿಯಿತು.

ಈ ಗೆಲುವನ್ನು ಎಲ್ಲ ಪಂಥದವರೂ ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. ಮಾತ್ರೆಯವರು ಶಾಲೆಯ ಔಷಧವನ್ನು ತೋರಿಸುತ್ತಾರೆ. ನೈರ್ಮಲ್ಯದವರು, ಅದೇ ಅವಧಿಯಲ್ಲಿ ಹೊಲಕ್ಕೆ ಮನುಷ್ಯರ ಮಲ ಹಾಕುವ ಪದ್ಧತಿ ನಿಂತು ರಸಗೊಬ್ಬರ ಬಂದದ್ದನ್ನೂ ಶೌಚಾಲಯ ಬಂದದ್ದನ್ನೂ ತೋರಿಸುತ್ತಾರೆ. ಆದರೆ ಅಲ್ಲಿ ಪರೀಕ್ಷೆ, ಔಷಧ, ನೈರ್ಮಲ್ಯ, ಆದಾಯ ಎಲ್ಲವೂ ಒಟ್ಟಿಗೆ ನಡೆದವು. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮೊದಲ ಪಂಥ: ಇಡೀ ಶಾಲೆಗೆ ಮಾತ್ರೆ

ಮೆಬೆಂಡಜೋಲ್, ಆಲ್ಬೆಂಡಜೋಲ್ ಬಂದ ಮೇಲೆ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಒಂದೇ ಗುಟುಕಿನ ಔಷಧ, ಬೆಲೆ ತೀರ ಕಡಿಮೆ, ಅಡ್ಡಪರಿಣಾಮವೆಂದರೆ ಸಾಮಾನ್ಯವಾಗಿ ಸ್ವಲ್ಪ ಹೊಟ್ಟೆನೋವು, ವಾಕರಿಕೆ. ಮಲ ಪರೀಕ್ಷೆಗೆ ತಗಲುವ ಖರ್ಚು ಮಾತ್ರೆಯ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಿರುವಾಗ ಪರೀಕ್ಷೆ ಬಿಟ್ಟು ಎಲ್ಲರಿಗೂ ಕೊಡುವುದೇ ಜಾಣತನ ಎಂಬುದು ಈ ಪಂಥದ ತಿರುಳು. 2001ರಲ್ಲಿ ವಿಶ್ವ ಆರೋಗ್ಯ ಸಭೆ, ಅಪಾಯದಲ್ಲಿರುವ ಶಾಲಾಮಕ್ಕಳಲ್ಲಿ ಕನಿಷ್ಠ ಶೇ 75 ಮಂದಿಗೆ 2010ರೊಳಗೆ ಮಾತ್ರೆ ತಲುಪಿಸುವ ಗುರಿ ಇಟ್ಟಿತು. ಸೋಂಕು ಶೇ 20 ದಾಟಿದ ಕಡೆ ವರ್ಷಕ್ಕೊಮ್ಮೆ, ಶೇ 50 ದಾಟಿದ ಕಡೆ ವರ್ಷಕ್ಕೆರಡು ಬಾರಿ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ.

ಈ ಪಂಥದ ಬೆನ್ನೆಲುಬು ಕೆನ್ಯಾದ ಬುಸಿಯಾ ಜಿಲ್ಲೆಯ ಪ್ರಯೋಗ. ಎಡ್ವರ್ಡ್ ಮಿಗೆಲ್ ಮತ್ತು ಮೈಕಲ್ ಕ್ರೆಮರ್ 1998ರಿಂದ 75 ಶಾಲೆಗಳನ್ನು ಮೂರು ಗುಂಪು ಮಾಡಿ ಒಂದಾದ ಮೇಲೊಂದರಂತೆ ಮಾತ್ರೆ ಕೊಡಿಸಿದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಗೈರುಹಾಜರಿ ಕಾಲುಭಾಗ ತಗ್ಗಿತು. ಮಾತ್ರೆ ತಿನ್ನದ ಮಕ್ಕಳಿಗೂ ನೆರೆಯ ಶಾಲೆಗಳಿಗೂ ಲಾಭ ಹರಿಯಿತು, ಏಕೆಂದರೆ ಒಂದು ಮಗುವಿನ ಹುಳು ಸತ್ತರೆ ಮಣ್ಣಿಗೆ ಬೀಳುವ ಮೊಟ್ಟೆ ಕಡಿಮೆಯಾಗುತ್ತದೆ. ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಏರಿಕೆ ಕಾಣಲಿಲ್ಲ.

ಇದರ ಬೆನ್ನಿಗೇ ಹಲವು ಅಧ್ಯಯನಗಳು ಬಂದವು. ದೆಹಲಿಯ ಕೊಳೆಗೇರಿಗಳ ಶಿಶುವಿಹಾರಗಳಲ್ಲಿ ಹುಳುವಿನ ಮಾತ್ರೆಯ ಜೊತೆ ಕಬ್ಬಿಣಾಂಶ, ಎ ಜೀವಸತ್ವ ಕೊಟ್ಟಾಗ ಗೈರುಹಾಜರಿ ಐದನೇ ಒಂದು ಭಾಗ ತಗ್ಗಿತು ಎಂದು 2006ರ ವರದಿ ಹೇಳಿತು. ಕೆನ್ಯಾದ ಅದೇ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ವಿಚಾರಿಸಿದಾಗ, ಬೇಗ ಮಾತ್ರೆ ಪಡೆದ ಗಂಡಸರು ವಾರಕ್ಕೆ ಶೇ 17ರಷ್ಟು ಹೆಚ್ಚು ಹೊತ್ತು ದುಡಿಯುತ್ತಿದ್ದರು. ಇಪ್ಪತ್ತು ವರ್ಷದ ನಂತರದ ಅಧ್ಯಯನ 2021ರಲ್ಲಿ ಬಂತು. ಅದರಲ್ಲಿ ಬೇಗ ಮಾತ್ರೆ ಪಡೆದ ಗುಂಪಿನವರ ಬಳಕೆ ವೆಚ್ಚ ಶೇ 14ರಷ್ಟು, ಗಂಟೆಯ ಗಳಿಕೆ ಶೇ 13ರಷ್ಟು ಹೆಚ್ಚಿತ್ತು. ಭಾರತದ ಕಾರ್ಯಕ್ರಮಕ್ಕೂ ಈ ಪಂಥದ ಜೊತೆ ನೇರ ನಂಟಿದೆ. ಆಂಧ್ರ ಪ್ರದೇಶ, ಬಿಹಾರ, ದೆಹಲಿ, ರಾಜಸ್ಥಾನಗಳಲ್ಲಿ ಮೊದಲು ನಡೆದ ಶಾಲಾ ಅಭಿಯಾನಗಳು 2015ರ ರಾಷ್ಟ್ರೀಯ ದಿನಕ್ಕೆ ದಾರಿ ಮಾಡಿದವು. ಕ್ರೆಮರ್ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತೇರ್ ದುಫ್ಲೋ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡಾಗ ಈ ವಾದಕ್ಕೆ ಇನ್ನಷ್ಟು ಬಲ ಬಂದಂತಾಯಿತು.

ಎರಡನೆಯ ಪಂಥ: ಪುರಾವೆ ಸಾಲದು

ಎದುರು ಪಕ್ಷದ ಮುಂಚೂಣಿಯಲ್ಲಿರುವುದು ಕಾಕ್ರೇನ್ ಪರಾಮರ್ಶೆ. ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಂದುಗೂಡಿಸಿ ತೂಗುವ ಈ ಸಂಪ್ರದಾಯದ ಪಾಲ್ ಗಾರ್ನರ್, ಡೇವಿಡ್ ಟೇಲರ್-ರಾಬಿನ್ಸನ್ ಮೊದಲಾದವರು 2015ರಲ್ಲಿ 45 ಪ್ರಯೋಗಗಳನ್ನು ಪರಿಶೀಲಿಸಿದರು. ಸೋಂಕು ಖಚಿತವಾಗಿರುವ ಮಗುವಿಗೆ ಔಷಧ ಕೊಟ್ಟರೆ ತೂಕ ಏರಬಹುದು ಎಂದು ಅವರು ಒಪ್ಪಿದರು. ಪರೀಕ್ಷೆಯಿಲ್ಲದೆ ಎಲ್ಲರಿಗೂ ಕೊಡುವುದರಿಂದ ಮಕ್ಕಳ ಸರಾಸರಿ ಪೋಷಣೆ, ಹಿಮೋಗ್ಲೋಬಿನ್, ಗ್ರಹಣಶಕ್ತಿ, ಶಾಲಾ ಸಾಧನೆ, ಸಾವಿನ ಪ್ರಮಾಣ ಇವು ಯಾವುವೂ ಗಣನೀಯವಾಗಿ ಬದಲಾಗುವುದಿಲ್ಲ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದರು. 2019ರ ಪರಿಷ್ಕೃತ ಆವೃತ್ತಿಯಲ್ಲೂ ಅವರ ನಿಲುವು ಬದಲಾಗಲಿಲ್ಲ.

ಈ ಪಂಥದ ಅತಿ ಭಾರವಾದ ಸಾಕ್ಷಿ ನಮ್ಮ ದೇಶದ್ದೇ. ಲಖನೌದ ಶಾಲಿ ಅವಸ್ಥಿ, ಆಕ್ಸ್‌ಫರ್ಡಿನ ರಿಚರ್ಡ್ ಪೀಟೊ ಮತ್ತು ಸಂಗಡಿಗರು ಉತ್ತರ ಪ್ರದೇಶದ 72 ಬ್ಲಾಕುಗಳಲ್ಲಿ, ಯಾವುದೇ ಹೊತ್ತಿಗೆ ಸುಮಾರು ಹತ್ತು ಲಕ್ಷ ಅಂಗನವಾಡಿ ವಯಸ್ಸಿನ ಮಕ್ಕಳ ಮೇಲೆ, ಐದು ವರ್ಷ ಪ್ರಯೋಗ ನಡೆಸಿದರು. ಆರು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಳುಗಳು ತಗ್ಗಿದ್ದು ನಿಜ, ಆದರೆ ತೂಕದಲ್ಲಿ ಲಾಭ ಕಾಣಲಿಲ್ಲ, ಸಾವಿನಲ್ಲಿ ಕಂಡ ಅಲ್ಪ ಇಳಿಕೆ ಆಕಸ್ಮಿಕವಿರಬಹುದಾದಷ್ಟೇ ಇತ್ತು.

2015ರಲ್ಲಿ ಅಲೆಕ್ಸಾಂಡರ್ ಏಕನ್ ಮತ್ತು ಕ್ಯಾಲಮ್ ಡೇವಿಯವರ ತಂಡ ಕೆನ್ಯಾದ ಮೂಲ ಅಂಕಿಗಳನ್ನೇ ಮತ್ತೆ ಲೆಕ್ಕ ಹಾಕಿತು. ದೂರದ ನೆರೆಶಾಲೆಗಳಿಗೆ ಹರಿದ ಲಾಭದ ಲೆಕ್ಕದಲ್ಲಿ ತಪ್ಪು ಸಿಕ್ಕಿತು. ಹಾಜರಾತಿಯ ಲಾಭ ಉಳಿದುಕೊಂಡರೂ ಅದು ಲೆಕ್ಕದ ವಿಧಾನವನ್ನು ಅವಲಂಬಿಸಿತ್ತು ಎಂದು ಆ ತಂಡ ಹೇಳಿತು. ಮೂಲ ಲೇಖಕರು ಲೆಕ್ಕದ ತಪ್ಪನ್ನು ಒಪ್ಪಿದರು, ಮುಖ್ಯ ತೀರ್ಮಾನವನ್ನು ಬಿಟ್ಟುಕೊಡಲಿಲ್ಲ. ಪತ್ರಿಕೆಗಳು ಇದನ್ನು ಹುಳುಯುದ್ಧ ಎಂದೇ ಕರೆದವು. ಮಿಗೆಲ್, ಕ್ರೆಮರ್ ಮತ್ತು ಕೆವಿನ್ ಕ್ರೋಕ್ ಅವರ ಬಳಗ ಮರುವರ್ಷ ಪ್ರಯೋಗಗಳನ್ನು ಮತ್ತೆ ಒಟ್ಟುಗೂಡಿಸಿ, ಸರಾಸರಿ ತೂಕ 0.13 ಕಿಲೋ ಏರುತ್ತದೆ, ಮಾತ್ರೆಯ ಬೆಲೆಗೆ ಹೋಲಿಸಿದರೆ ಅದೇ ದೊಡ್ಡದು ಎಂದು ಉತ್ತರಿಸಿತು.

ಎರಡೂ ಸರಿ ಆಗುವುದು ಹೇಗೆ

ಪ್ರಾಮಾಣಿಕ ವಿಜ್ಞಾನಿಗಳು ಎರಡು ತುದಿಗೆ ಹೋದಾಗ ಅವರು ಕೇಳಿದ ಪ್ರಶ್ನೆ ಒಂದೇ ಆಗಿತ್ತೆ ಎಂದು ನೋಡಬೇಕು. ಇಲ್ಲಿ ಹಾಗಿರಲಿಲ್ಲ.

ಮೊದಲನೆಯದು ಹೊರೆಯ ಮಾತು. ಬುಸಿಯಾದಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೂ ಸೋಂಕಿತ್ತು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಲ್ಲಿ ಮಧ್ಯಮ ಅಥವಾ ಭಾರಿ ಹೊರೆ ಇತ್ತು. ವಿಕ್ಟೋರಿಯಾ ಸರೋವರದ ಬಳಿಯ ಆ ಸೀಮೆಯಲ್ಲಿ ಸ್ನೇಲ್ ಜ್ವರದ (ಶಿಸ್ಟೊಸೋಮಿಯಾಸಿಸ್) ಪರಾವಲಂಬಿಯೂ ಇದ್ದುದರಿಂದ ಕೆಲವು ಶಾಲೆಗಳಲ್ಲಿ ಅದಕ್ಕೂ ಔಷಧ ಕೊಟ್ಟಿದ್ದರು. ಉತ್ತರ ಪ್ರದೇಶದ ಬಯಲಿನಲ್ಲಿ ಹೊರೆ ಬಹುಪಾಲು ಹಗುರ. ಭಾರಿ ಹೊರೆಯ ಊರಿನ ಫಲಿತಾಂಶವನ್ನು ಹಗುರ ಹೊರೆಯ ಊರಿಗೆ ಎಳೆದು ತರಲಾಗದು.

ಎರಡನೆಯದು ಸರಾಸರಿಯ ಮಾತು. ನೂರು ಮಕ್ಕಳಲ್ಲಿ ಹತ್ತು ಮಂದಿಯಲ್ಲಿ ಮಾತ್ರ ಭಾರಿ ಹೊರೆ ಇದ್ದು, ಅವರು ತಲಾ ಒಂದು ಕಿಲೋ ತೂಕ ಗಳಿಸಿದರೆ ಶಾಲೆಯ ಸರಾಸರಿ ಏರುವುದು ನೂರು ಗ್ರಾಂ ಮಾತ್ರ. ಸಂಖ್ಯಾಶಾಸ್ತ್ರಕ್ಕೆ ಅದು ಗಣನೀಯವಲ್ಲ, ಆ ಹತ್ತು ಮಕ್ಕಳ ಪಾಲಿಗೆ ಅದು ಬದುಕು.

ಮೂರನೆಯದು ಕಾಲದ ಮಾತು. ವೈದ್ಯಕೀಯ ಪ್ರಯೋಗ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಕ್ಕಡಿ, ರಕ್ತಪರೀಕ್ಷೆ ಹಿಡಿದು ಅಳೆಯುತ್ತದೆ. ಅರ್ಥಶಾಸ್ತ್ರಜ್ಞರು ಇಪ್ಪತ್ತು ವರ್ಷದ ನಂತರ ಸಂಬಳದಲ್ಲಿ ಅಳೆಯುತ್ತಾರೆ. ಆದರೆ ಎರಡನೆಯ ಪಂಥದವರ ಆಕ್ಷೇಪಕ್ಕೆ ಇಲ್ಲಿ ತೂಕವಿದೆ: ತೂಕವೂ ರಕ್ತವೂ ಅಂಕವೂ ಏರದಿದ್ದರೆ ಸಂಬಳ ಏರಿದ್ದು ಯಾವ ದಾರಿಯಿಂದ? ದೂರದ ಫಲದ ಕತೆ ಬಹುಪಾಲು ಒಂದೇ ಜಿಲ್ಲೆಯ ಮೇಲೆ ನಿಂತಿರುವುದೂ ಅದರ ದೌರ್ಬಲ್ಯ.

ಮೂರನೆಯ ಪಂಥ: ನೆಲ ಶುದ್ಧವಾಗದೆ ಮಗು ಶುದ್ಧವಾಗದು

ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮಣ್ಣಿನ ಮೊಟ್ಟೆಯನ್ನು ಮುಟ್ಟುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಒಟ್ಟು ವಿಶ್ಲೇಷಣೆಯ ಪ್ರಕಾರ ಚಿಕಿತ್ಸೆಯಾದ ಹನ್ನೆರಡು ತಿಂಗಳಿಗೆ ದುಂಡುಹುಳುವಿನ ಪ್ರಮಾಣ ಮೊದಲಿದ್ದುದರ ಶೇ 94ಕ್ಕೆ, ಚಾಟಿಹುಳು ಶೇ 82ಕ್ಕೆ, ಕೊಕ್ಕೆಹುಳು ಶೇ 57ಕ್ಕೆ ಮರಳಿರುತ್ತದೆ. ಕೊಡದಲ್ಲಿ ತೂತಿರುವಾಗ ನೀರು ತುಂಬುತ್ತಲೇ ಇದ್ದಂತೆ ಈ ಕೆಲಸ ಎಂಬುದು ಮೂರನೆಯ ಪಂಥದವರ ವಾದ. ಶೌಚಾಲಯ, ಶುದ್ಧ ನೀರು, ಸಾಬೂನು, ಚಪ್ಪಲಿ ಇವೇ ಮೂಲ ಮದ್ದು ಎನ್ನುತ್ತಾರೆ ಅವರು.

ಈ ಮಾತಿನ ತರ್ಕ ಗಟ್ಟಿ, ಆದರೆ ಪ್ರಯೋಗದ ಪುರಾವೆ ಅಷ್ಟೇ ಗಟ್ಟಿಯಾಗಿಲ್ಲ. ಒಡಿಶಾದ 100 ಹಳ್ಳಿಗಳಲ್ಲಿ ಸ್ವಚ್ಛತಾ ಆಂದೋಲನದಡಿ ಶೌಚಾಲಯ ಕಟ್ಟಿಸಿದ ಪ್ರಯೋಗ 2014ರಲ್ಲಿ ವರದಿಯಾಯಿತು. ಶೌಚಾಲಯವಿರುವ ಮನೆಗಳು ಶೇ 9ರಿಂದ ಶೇ 63ಕ್ಕೆ ಏರಿದವು. ಭೇದಿಯಾಗಲಿ ಹುಳುವಾಗಲಿ ತಗ್ಗಲಿಲ್ಲ. ಮಧ್ಯಪ್ರದೇಶದ ಇಂಥದೇ ಪ್ರಯೋಗವೂ ನಿರಾಸೆ ತಂದಿತು. ಕಟ್ಟಿದ ಶೌಚಾಲಯವನ್ನು ಮನೆಮಂದಿಯೆಲ್ಲ ಬಳಸಲಿಲ್ಲ, ಊರಿನಲ್ಲಿ ಹಲವರು ಬಯಲಿಗೇ ಹೋಗುತ್ತಿದ್ದರು, ಮಣ್ಣಿನಲ್ಲಿ ಹಳೆಯ ಮೊಟ್ಟೆಗಳು ಉಳಿದೇ ಇದ್ದವು. ಕೆನ್ಯಾ ಮತ್ತು ಬಾಂಗ್ಲಾದೇಶದ ದೊಡ್ಡ ಪ್ರಯೋಗಗಳು ಸ್ವಲ್ಪ ಆಶೆ ಕೊಟ್ಟವು. ನೀರು, ಶೌಚಾಲಯ, ಕೈತೊಳೆಯುವಿಕೆ ಮೂರೂ ಕೂಡಿದಾಗ ಕೆನ್ಯಾದಲ್ಲಿ ದುಂಡುಹುಳು ಶೇ 22ರಷ್ಟು ತಗ್ಗಿತು. ಸ್ವಚ್ಛತೆ ಕೆಲಸ ಮಾಡುತ್ತದೆ, ಆದರೆ ಇಡೀ ಊರು ಬದಲಾದಾಗ, ಬಹಳ ವರ್ಷ ಹಿಡಿದು. ಎರಡು ವರ್ಷದ ಪ್ರಯೋಗದ ಚೌಕಟ್ಟಿಗೆ ಅದು ಹಿಡಿಯುವುದಿಲ್ಲ.

ನಾಲ್ಕನೆಯ ಪಂಥ: ಮಕ್ಕಳಿಗಷ್ಟೇ ಏಕೆ?

ದುಂಡುಹುಳು, ಚಾಟಿಹುಳುಗಳ ಹೊರೆ ಮಕ್ಕಳಲ್ಲಿ ಹೆಚ್ಚು. ಕೊಕ್ಕೆಹುಳುವಿನ ಹೊರೆ ವಯಸ್ಸಿನೊಂದಿಗೆ ಏರಿ ದೊಡ್ಡವರಲ್ಲಿ ನೆಲೆಸುತ್ತದೆ. ಗದ್ದೆ ನಾಟಿ ಮಾಡುವ ಹೆಂಗಸು, ತೋಟದಲ್ಲಿ ದುಡಿಯುವ ಆಳು ಅದರ ಕಣಜ. ಶಾಲೆಯ ಮಕ್ಕಳಿಗಷ್ಟೇ ಮಾತ್ರೆ ಕೊಟ್ಟರೆ ಮನೆಯವರಿಂದಲೇ ಮಗುವಿಗೆ ಮತ್ತೆ ಸೋಂಕು ಬರುತ್ತದೆ.

ಕೆನ್ಯಾದ ಕ್ವಾಲೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಡೀ ಊರಿಗೆ ಮಾತ್ರೆ ಕೊಟ್ಟಾಗ ಶಾಲೆಗಷ್ಟೇ ಕೊಟ್ಟದ್ದಕ್ಕಿಂತ ಕೊಕ್ಕೆಹುಳು ಹೆಚ್ಚು ತಗ್ಗಿತು. ಸೋಂಕು ಹರಡುವ ಸರಪಳಿಯನ್ನೇ ತುಂಡರಿಸಬಹುದೆ ಎಂದು ನೋಡಲು ಬೆನಿನ್, ಮಲಾವಿ ಮತ್ತು ನಮ್ಮ ನೆರೆಯ ತಮಿಳುನಾಡಿನಲ್ಲಿ ಮೂರು ವರ್ಷ, ವರ್ಷಕ್ಕೆರಡು ಬಾರಿ ಇಡೀ ಸಮುದಾಯಕ್ಕೆ ಔಷಧ ಕೊಟ್ಟ ದೊಡ್ಡ ಪ್ರಯೋಗ ನಡೆಯಿತು. ತಮಿಳುನಾಡಿನ ಹೊಣೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. ಅಲ್ಲಿನ ಸಂಶೋಧಕರು ಅದಕ್ಕೂ ಮೊದಲು ಆ ಸೀಮೆಯ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ ಸೋಂಕು ಶೇ 8ರ ಸುಮಾರಿನಲ್ಲಿತ್ತು, ಬಹುಪಾಲು ಕೊಕ್ಕೆಹುಳುವೇ. ಮಕ್ಕಳಿಗೆ ಸಾಮೂಹಿಕವಾಗಿ ಮಾತ್ರೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಶೇ 20ರ ಗೆರೆಗಿಂತ ಇದು ಕೆಳಗೆ.

ಕರ್ನಾಟಕದಲ್ಲಿ ನಿಂತು ನೋಡಿದರೆ

ಕೊಕ್ಕೆಹುಳು ತೇವ, ನೆರಳು, ಸಡಿಲ ಮಣ್ಣು ಬಯಸುತ್ತದೆ. ಮಲೆನಾಡಿನ ತೋಟ, ಕರಾವಳಿಯ ಮರಳುನೆಲ ಅದಕ್ಕೆ ಒಗ್ಗುತ್ತವೆ. ಬೇಸಿಗೆಯಲ್ಲಿ ಬಿರಿಯುವ ಬಯಲುಸೀಮೆಯ ಎರೆಹೊಲದಲ್ಲಿ ಅದರ ಮರಿ ಹೆಚ್ಚು ದಿನ ಬದುಕದು. ಆದ್ದರಿಂದ ರಾಜ್ಯಕ್ಕೆಲ್ಲ ಒಂದೇ ಸರಾಸರಿ, ಒಂದೇ ವೇಳಾಪಟ್ಟಿ ಸಾಲದು.

ರಕ್ತಹೀನತೆಯ ಲೆಕ್ಕವೂ ಎಚ್ಚರ ಬೇಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ 2015-16ರಲ್ಲಿ ಶೇ 60.9 ಇತ್ತು, 2019-21ರಲ್ಲಿ ಶೇ 65.5 ಆಯಿತು. ಈ ನಡುವೆ ಮಾತ್ರೆ ತಪ್ಪದೆ ಹಂಚಿದ್ದೇವೆ. ಹಾಗೆಂದು ಮಾತ್ರೆ ಸೋತಿತು ಎನ್ನಲಾಗದು. ಊಟದಲ್ಲಿ ಕಬ್ಬಿಣಾಂಶ, ಬಿ-12 ಕೊರತೆ, ಪದೇ ಪದೇ ಬರುವ ಸೋಂಕು ಎಲ್ಲವೂ ರಕ್ತವನ್ನು ತಗ್ಗಿಸುತ್ತವೆ. ಹುಳು ಅದರಲ್ಲಿ ಒಂದು ಪಾಲು ಮಾತ್ರ, ಆ ಪಾಲು ಊರಿಂದ ಊರಿಗೆ ಬದಲಾಗುತ್ತದೆ. ಅದಕ್ಕೇ ಬಿಸಿಯೂಟ, ಹಾಲು, ಮೊಟ್ಟೆ, ವಾರದ ಕಬ್ಬಿಣದ ಗುಳಿಗೆ, ಹುಳುವಿನ ಮಾತ್ರೆ ಇವೆಲ್ಲ ಒಂದೇ ಕೆಲಸದ ಕೈಗಳು.

ಇನ್ನೂ ತೀರ್ಮಾನವಾಗದ್ದು

ಮೊದಲ ಪ್ರಶ್ನೆ, ನಿಲ್ಲಿಸುವುದು ಯಾವಾಗ? ಸೋಂಕು ತಗ್ಗಿದ ಜಿಲ್ಲೆಯಲ್ಲಿ ಮಾತ್ರೆ ನಿಲ್ಲಿಸಿದರೆ ಹುಳು ಮರಳುತ್ತದೆಯೆ, ಅಲ್ಲಿನ ನೈರ್ಮಲ್ಯ ಅದನ್ನು ತಡೆಯಬಲ್ಲದೆ ಎಂಬುದಕ್ಕೆ ಖಚಿತ ಸೂತ್ರವಿಲ್ಲ. ಅಳತೆಯ ಸಾಧನವೇ ಇದಕ್ಕೆ ಅಡ್ಡಿ. ಎಲ್ಲೆಡೆ ಬಳಕೆಯಲ್ಲಿರುವ ಕಾಟೊ-ಕಾಟ್ಸ್ ವಿಧಾನ ಮಲದ ತೀರ ಚಿಕ್ಕ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತದೆ. ಹೊರೆ ಹಗುರವಾದಂತೆ ಅದರ ಕಣ್ಣಿಗೆ ಸೋಂಕು ತಪ್ಪುತ್ತದೆ. ಡಿಎನ್‌ಎ ಪರೀಕ್ಷೆ ನಿಖರ, ಆದರೆ ದುಬಾರಿ.

ಎರಡನೆಯದು, ಔಷಧಿಯ ಬಲ. ಒಂದು ಗುಟುಕು ಆಲ್ಬೆಂಡಜೋಲ್ ದುಂಡುಹುಳುವನ್ನು ಶೇ 95ರಷ್ಟು ಮಂದಿಯಲ್ಲಿ, ಕೊಕ್ಕೆಹುಳುವನ್ನು ಶೇ 80ರ ಸುಮಾರು ಮಂದಿಯಲ್ಲಿ ತೊಡೆದುಹಾಕುತ್ತದೆ. ಚಾಟಿಹುಳುವಿನಲ್ಲಿ ಅದು ಶೇ 30ರ ಆಸುಪಾಸಿಗೆ ಕುಸಿಯುತ್ತದೆ. ಕುರಿ ಆಡುಗಳ ಹುಳುಗಳು ಇದೇ ಜಾತಿಯ ಔಷಧಕ್ಕೆ ಜಗತ್ತಿನೆಲ್ಲೆಡೆ ಒಗ್ಗಿಹೋಗಿವೆ. ಮನುಷ್ಯರ ಹುಳುಗಳೂ ಹಾಗಾಗುತ್ತವೆಯೆ, ಎಷ್ಟು ಬೇಗ ಎಂಬುದು ಗೊತ್ತಾಗಬೇಕಿದೆ.

ಮೂರನೆಯದು, ದೂರದ ಫಲ. ಬುಸಿಯಾದ ಗಳಿಕೆಯ ಕತೆ ಭಾರತದಂಥ ಹಗುರ ಹೊರೆಯ ನಾಡಿನಲ್ಲಿ ಮರುಕಳಿಸುತ್ತದೆಯೆ ಎಂದು ಇಲ್ಲಿನ ಮಕ್ಕಳನ್ನೇ ದಶಕಗಟ್ಟಲೆ ಹಿಂಬಾಲಿಸಿದರೆ ಮಾತ್ರ ಹೇಳಬಹುದು. ನಾಲ್ಕನೆಯದು, ದೊಡ್ಡವರು. ಇಡೀ ಊರಿಗೆ ಮಾತ್ರೆ ಕೊಡುವ ಖರ್ಚು, ಜನರ ಒಪ್ಪಿಗೆ, ಫಲ ಇವುಗಳ ತೂಕ ಇನ್ನೂ ನಡೆಯುತ್ತಿದೆ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ನಿಲುವು ಇದು. ಸೋಂಕು ಹೆಚ್ಚಿರುವ ಕಡೆ ಮಾತ್ರೆ ಕೊಡುವುದು ಸರಿ. ಅಗ್ಗ, ಅಪಾಯ ಅತ್ಯಲ್ಪ, ಭಾರಿ ಹೊರೆಯ ಮಗುವಿಗೆ ಅದು ತಕ್ಷಣದ ಪರಿಹಾರ. ಆದರೆ ಅದು ಶಾಲೆಯ ಅಂಕ ಏರಿಸುತ್ತದೆ, ಅಪೌಷ್ಟಿಕತೆ ಅಳಿಸುತ್ತದೆ ಎಂಬ ಭರವಸೆಯನ್ನು ಪುರಾವೆ ಹೊರಲಾರದು. ಎಷ್ಟು ಮಾತ್ರೆ ಹಂಚಿದೆವು ಎಂಬ ಲೆಕ್ಕ ಸಾಲದು, ಎಷ್ಟು ಹುಳು ತಗ್ಗಿತು ಎಂಬ ಲೆಕ್ಕ ಬೇಕು. ಜಿಲ್ಲಾವಾರು ಮಲ ಪರೀಕ್ಷೆಯ ಸಮೀಕ್ಷೆಯನ್ನು ಕೆಲವು ವರ್ಷಕ್ಕೊಮ್ಮೆ ನಡೆಸಿ, ಫಲಿತಾಂಶವನ್ನು ಜನರ ಮುಂದಿಟ್ಟು, ಅದರಂತೆ ಎಲ್ಲಿ ಹೆಚ್ಚಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಸರ್ಕಾರ ನಿರ್ಧರಿಸಬೇಕು.

ಉಳಿದ ಕೆಲಸ ಊರಿನದು. ಮಗುವಿಗೆ ಜ್ವರವಿಲ್ಲದಿದ್ದರೆ ಮಾತ್ರೆಯ ದಿನ ಶಾಲೆ ತಪ್ಪಿಸಬೇಡಿ. ಸಣ್ಣ ಹೊಟ್ಟೆನೋವಿನ ಸುದ್ದಿಗೆ ಹೆದರಬೇಡಿ. ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ಶಾಲೆಯ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿದೆಯೆ, ಬಿಸಿಯೂಟಕ್ಕೆ ಮೊದಲು ಕೈ ತೊಳೆಯಲು ಸಾಬೂನು ಇದೆಯೆ, ಎಲ್ಲ ಮಕ್ಕಳ ಕಾಲಲ್ಲೂ ಚಪ್ಪಲಿ ಇದೆಯೆ? ಈ ಮೂರಕ್ಕೂ ಹೌದು ಎಂಬ ಉತ್ತರ ಬರುವವರೆಗೆ ಕೇಳುತ್ತಲೇ ಇರಿ.